ಮುಂಚೆಯೇ ಬರೆದಿಟ್ಟ ಸಾಕ್ಷಿ

ನಾವಿದ್ದದ್ದು ಸಿದ್ದಾಪುರದಲ್ಲಿ, ನಮ್ಮ ಸಭೆ ಸೇರುತ್ತಿದ್ದದ್ದು ಶಿರಸಿಯ ಒಂದು ಸಣ್ಣ ಚರ್ಚಿನಲ್ಲಿ. ಭಾನುವಾರ ಬೆಳಗಿನ ಬಸ್ಸು ತಪ್ಪಿದರೆ ಆರಾಧನೆಯೂ ತಪ್ಪಿದಂತೆ. ಅಪ್ಪ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಕಂಪೌಂಡರ್. ಭಾನುವಾರವೂ ಅವರಿಗೆ ಡ್ಯೂಟಿ ಇರುತ್ತಿತ್ತು. ಹಾಗಾಗಿ ಬಸ್ಸಿನಲ್ಲಿ ಅಮ್ಮ ಮತ್ತು ನಾನು, ನಮ್ಮಿಬ್ಬರ ನಡುವೆ ಬೈಬಲ್ಲಿನ ಚೀಲ.

ಎರಡನೆಯ ಹಾಡು ಮುಗಿದ ಮೇಲೆ ಸಾಕ್ಷಿಯ ಸಮಯ. ದೇವರು ಆ ವಾರ ಮಾಡಿದ ಉಪಕಾರವನ್ನು ಒಬ್ಬೊಬ್ಬರಾಗಿ ಎದ್ದುನಿಂತು ಹೇಳಬೇಕು. ಹೇಳಿ ಮುಗಿಸಿದೊಡನೆ ಉಳಿದವರೆಲ್ಲ ಒಟ್ಟಾಗಿ "ಸ್ತೋತ್ರ" ಎನ್ನಬೇಕು. ಒಬ್ಬರ ಜ್ವರ ಬಿಟ್ಟಿತ್ತು, ಸ್ತೋತ್ರ. ಒಬ್ಬರ ಎಮ್ಮೆ ಕರು ಹಾಕಿತ್ತು, ಸ್ತೋತ್ರ. ಯಲ್ಲಾಪುರದಿಂದ ಬರುತ್ತಿದ್ದ ಲಾರಿ ಡ್ರೈವರೊಬ್ಬರು ಅರಬೈಲ್ ಘಟ್ಟ ಇಳಿದು ಹತ್ತಿದ್ದಕ್ಕೆ ಪ್ರತಿ ವಾರ ಸಾಕ್ಷಿ ಹೇಳುತ್ತಿದ್ದರು. ಪ್ರತಿ ವಾರವೂ ಅದೇ ತಿರುವು, ಕೊನೆಯ ಗಳಿಗೆಯಲ್ಲಿ ಹಿಡಿಯುವ ಅದೇ ಬ್ರೇಕು.

ನನ್ನ ಸಾಕ್ಷಿ ವರ್ಷಕ್ಕೊಂದೇ: ಪರೀಕ್ಷೆಯ ಫಲಿತಾಂಶ ಬಂದ ಮೇಲಿನ ಭಾನುವಾರ. ತೊಂಬತ್ತರ ದಶಕದ ನಡುವೆ ಎಸ್ಸೆಸ್ಸೆಲ್ಸಿಯಲ್ಲಿ ಶುರುವಾದದ್ದು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸುವ ತನಕ ನಡೆಯಿತು. ವರ್ಷವಿಡೀ ಬಾಯಿ ಬಿಡದ ನಾನು ಆ ಎರಡು ನಿಮಿಷಕ್ಕಾಗಿ ವಾಕ್ಯಗಳನ್ನು ತಿದ್ದಿ ತೀಡುತ್ತಿದ್ದೆ. "ನಾನು ಏನೂ ಅಲ್ಲ, ಎಲ್ಲ ಕರ್ತನ ಕೃಪೆ" ಎಂದು ಆರಂಭಿಸಿ, ಏನೂ ಅಲ್ಲದವಳಿಗೆ ಗಣಿತದಲ್ಲಿ ಎಷ್ಟು ಬಂದಿತ್ತೆಂದು ಹೇಳಿ ಮುಗಿಸುತ್ತಿದ್ದೆ. ಅಂಕವನ್ನು ತುಸು ತಗ್ಗಿದ ದನಿಯಲ್ಲಿ ಹೇಳಬೇಕು. ಆದರೆ ಹಿಂದಿನ ಬೆಂಚಿಗೆ ಕೇಳಿಸದಷ್ಟು ತಗ್ಗಬಾರದು. ಆ ಅಳತೆ ನನಗೆ ಚೆನ್ನಾಗಿ ಸಿದ್ಧಿಸಿತ್ತು. ಕೃಪೆ ಎಂದರೆ ದುಡಿದು ಗಳಿಸಲಾಗದ್ದು ಎಂದು ಸಂಡೇ ಸ್ಕೂಲಿನಲ್ಲೇ ಕಲಿತಿದ್ದೆ. ಅಲ್ಲಿನ ಪರೀಕ್ಷೆಯಲ್ಲಿ ಆ ಪ್ರಶ್ನೆಗೂ ಪೂರ್ತಿ ಅಂಕ ಗಳಿಸಿದ್ದೆ.

ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆ ಬರೆದೆ. ಪೇಪರು ಸುಲಭವಿತ್ತು ಅನ್ನಿಸಿತು. ಫಲಿತಾಂಶಕ್ಕೆ ಕಾಯುವ ಬೇಸರದಲ್ಲಿ ಸಾಕ್ಷಿಯನ್ನು ಮುಂಚೆಯೇ ಬರೆದಿಟ್ಟೆ. ಮೂರು ಸಲ ತಿದ್ದಿದೆ. ಎರಡನೆಯ ಸಲ, ಗರ್ವದ ವಾಸನೆ ಬರುತ್ತದೆಂದು "ಮೊದಲ ಪ್ರಯತ್ನದಲ್ಲೇ" ಎಂಬುದನ್ನು ಹೊಡೆದುಹಾಕಿದೆ. ಮೂರನೆಯ ಸಲ, ಸತ್ಯವನ್ನು ಮುಚ್ಚಿಡಬಾರದೆಂದು ಮತ್ತೆ ಸೇರಿಸಿದೆ. ಚೀಟಿ ಮಡಚಿ ಬೈಬಲ್ಲಿನೊಳಗೆ ಇಟ್ಟೆ.

ಒಂದು ಗುರುವಾರ ಶಿರಸಿಯ ಸೈಬರ್ ಅಂಗಡಿಯಲ್ಲಿ ಫಲಿತಾಂಶ ನೋಡಿದೆ. ನನ್ನ ನಂಬರು ಇರಲಿಲ್ಲ. "ಪೇಜು ಪೂರ್ತಿ ಬಂದಿಲ್ಲವೇನೋ" ಎಂದೆ. ಅಂಗಡಿಯವನು ಇನ್ನೊಮ್ಮೆ ಒತ್ತಿ ನೋಡಿ, "ಇದ್ದದ್ದೇ ಅಷ್ಟು ಅಕ್ಕಾ" ಎಂದ.

ಮನೆಯಲ್ಲಿ "ಇನ್ನೂ ಬಂದಿಲ್ಲ" ಎಂದು ಸುಳ್ಳು ಹೇಳಿದೆ. ನನ್ನನ್ನು ಹೆದರಿಸಿದ್ದು ಕೆಲಸದ ಚಿಂತೆಯಲ್ಲ. ಆ ಚರ್ಚಿನಲ್ಲಿ ನಾನು ಅಂಕಗಳ ಹುಡುಗಿ. ಅಂಕವಿಲ್ಲದೆ ಅಲ್ಲಿ ನಾನು ಯಾರು ಎಂಬುದು ನನಗೇ ತಿಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ತಲೆನೋವು ಎಂದೆ. ಅಮ್ಮ ಕೇಳಲಿಲ್ಲ. ಹಬ್ಬಕ್ಕೆಂದು ತೆಗೆದಿಟ್ಟ ಸೀರೆ ಉಟ್ಟಿದ್ದಳು. ಯಾಕೆಂದು ನಾನು ಕೇಳಬೇಕಿತ್ತು.

ಎರಡನೆಯ ಹಾಡು ಮುಗಿಯಿತು. ಸಭೆಯ ಪಾದ್ರಿ, ನಮ್ಮ ಅಯ್ಯನವರು, ಕನ್ನಡಕ ಸರಿಪಡಿಸಿಕೊಂಡು, "ಇವತ್ತು ಸಿದ್ದಾಪುರದ ನಮ್ಮ ಮಗಳದು ಒಂದು ವಿಶೇಷ ಸಾಕ್ಷಿ ಇದೆಯಂತೆ" ಎಂದರು.

ನಾನು ಅಮ್ಮನ ಕಡೆ ತಿರುಗಿದೆ. ಅವಳ ಮುಖ ಹೊಳೆಯುತ್ತಿತ್ತು. "ಚೀಟಿ ಓದೇನಿ. ನೀ ಮುಚ್ಚಿಟ್ರ ನನಗ ತಿಳೀದಿಲ್ಲೇನು? ಏಳವಾ, ಏಳು" ಎಂದು ಪಿಸುಗುಟ್ಟಿದಳು.

ಎದ್ದೆ. "ನಾನು ಏನೂ ಅಲ್ಲ" ಎಂಬ ವಾಕ್ಯವನ್ನು ಅಷ್ಟು ವರ್ಷ ಸರಾಗವಾಗಿ ಹೇಳಿದವಳಿಗೆ, ಅದು ನಿಜವೆನಿಸಿದ ದಿನ ನಾಲಿಗೆ ಏಳಲಿಲ್ಲ. ಕೊನೆಗೆ, "ನಾನು ಫೇಲಾಗಿದ್ದೇನೆ. ಗುರುವಾರವೇ ಗೊತ್ತಾಗಿತ್ತು. ಅಮ್ಮನಿಗೆ ಸುಳ್ಳು ಹೇಳಿದ್ದೆ. ಅಷ್ಟೇ" ಎಂದೆ.

"ಸ್ತೋತ್ರ!" ಎಂದರು ಮುಂದಿನ ಬೆಂಚಿನ ಅಜ್ಜಿ. ಚರ್ಚಿನ ಹಿಂದಿನ ಮನೆಯವರು, ಪ್ರಭುಭೋಜನದ ದಿನ ದ್ರಾಕ್ಷಾರಸ ಕೊಡುವ ಪುಟ್ಟ ಗಾಜಿನ ಲೋಟಗಳನ್ನು ತೊಳೆದಿಡುವವರು. ಅವರ ಹಿಂದೆಯೇ ಎಲ್ಲರೂ, "ಸ್ತೋತ್ರ."

ಮೊದಲು ನನಗೆ ಸಿಟ್ಟೇ ಬಂತು. ಎಮ್ಮೆಗೆ ಹೇಳಿದಷ್ಟೇ ಜೋರಾಗಿ ಹೇಳಿದ್ದರು. ಸತ್ತ ಮನೆಯ ಮರ್ಯಾದೆಗಾದರೂ ದನಿ ತಗ್ಗಿಸಬಹುದಿತ್ತು. ಕೂತ ಮೇಲೆ ಹೊಳೆಯಿತು: ಎಂ.ಎಸ್ಸಿ.ಗೂ ಅಷ್ಟೇ ಜೋರಾಗಿ ಹೇಳಿದ್ದರು. ಅದು ತುಸು ಹೆಚ್ಚು ಜೋರಿತ್ತೆಂದು ನಾನು ಎಣಿಸಿಕೊಂಡಿದ್ದೆ. ಆ ಸ್ತೋತ್ರ ಯಾವತ್ತೂ ನನ್ನ ಅಂಕಕ್ಕೆ ಸಂದದ್ದೇ ಅಲ್ಲ. ಅಂಕದಿಂದ ಬಂದದ್ದಲ್ಲವಾದ್ದರಿಂದ ಅಂಕದ ಜೊತೆ ಹೋಗಲೂ ಇಲ್ಲ. ಉಳಿದವರ ಹಾಗೆ ನನ್ನನ್ನೂ ಸುಮ್ಮನೆ ಒಳಗೆ ಬಿಟ್ಟುಕೊಂಡಿದ್ದರು, ಅಷ್ಟೂ ವರ್ಷ. ಸಮಾಧಾನವಾಯಿತು, ಸ್ವಲ್ಪ ಅವಮಾನವೂ ಆಯಿತು.

ಅಮ್ಮನಿಗೆ ಮುಖ ತೋರಿಸಲಾಗದೆ, ಆರಾಧನೆ ಮುಗಿದ ಮೇಲೆ ಅಜ್ಜಿಯ ಹಿಂದೆ ಲೋಟ ತೊಳೆಯುವಲ್ಲಿಗೆ ಹೋದೆ.

"ಅಜ್ಜೀ, ನಾನು ಫೇಲಾದೆ ಅಂದೆ. ಕೇಳಿಸ್ತಾ?"

"ಕೇಳ್ತು ಮಾರಾಯ್ತಿ, ನನ್ನ ಕಿವಿಗೆ ಎಂತ ಆಗಿದೆ?"

"ಮತ್ತೆ ಸ್ತೋತ್ರ ಅಂದ್ರಲ್ಲ?"

"ಬಂದು ಹೇಳಿದ್ಯಲ, ಅದ್ಕೆ." ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ವರ್ಷಾ ವರ್ಷಾ ನೀ ಎದ್ದು ಎಂತ ಹೇಳ್ತಿದ್ಯೋ, ನಂಗೆ ಒಂದಕ್ಷರ ತಿಳೀತಿರ್ಲಿಲ್ಲ. ಈ ಸಲ ಎಲ್ಲ ತಿಳೀತು ನೋಡು. ಹಿಡಿ, ಒರೆಸು."

ಒರೆಸಿದೆ. ಅಜ್ಜಿ ಒರೆಸಿದ್ದಕ್ಕಿಂತ ನನ್ನವು ಹೆಚ್ಚು ಹೊಳೆಯುತ್ತಿದ್ದವು, ಅದನ್ನೂ ಗಮನಿಸಿದೆ.

ವಾಪಸು ಬಸ್ಸಿನಲ್ಲಿ ಅಮ್ಮ ಬೈಬಲ್ಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ, "ಅಲ್ಲವಾ, ಆ ಚೀಟಿ ಯಾವಾಗ ಬರದಿದ್ದಿ?" ಎಂದಳು.

"ಪರೀಕ್ಷೆ ಬರೆದ ವಾರವೇ."

"ಪರೀಕ್ಷಾಕ್ಕೂ ಇಷ್ಟ ತಿದ್ದಿ ತಿದ್ದಿ ತಯಾರಿ ಮಾಡಿದ್ರ ಪಾಸಾಗ್ತಿದ್ದಿ" ಎಂದು, ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು.

ಮುಂದಿನ ಸಲ ಪಾಸಾದೆ. ಆ ಭಾನುವಾರ ಸಾಕ್ಷಿಗೆ ಏಳಲಿಲ್ಲ. ಏಳದೇ ಇದ್ದದ್ದನ್ನು ಯಾರಾದರೂ ಗಮನಿಸಿದರೇ ಎಂದು ಮೆಲ್ಲಗೆ ಹಿಂದೆ ತಿರುಗಿ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಡ್ರೈವರು ತಮ್ಮ ಸಾಕ್ಷಿಯಲ್ಲಿ ಅರಬೈಲಿನ ಆ ತಿರುವಿಗೆ ಬಂದಿದ್ದರು, ಬ್ರೇಕು ಇನ್ನೂ ಹಿಡಿದಿರಲಿಲ್ಲ. ಹಿಡಿಯಿತು. ಎಲ್ಲರೊಡನೆ ನಾನೂ "ಸ್ತೋತ್ರ" ಎಂದೆ.