ಹೊಸ್ತಿಲ ಆಚೆಯ ನಲವತ್ತೆಂಟು ಬಾಟಲಿ

ಮಂಗಳವಾರ ಬೆಳಗ್ಗೆ ನಮ್ಮ ಬೀದಿಯ ಜನರೆಲ್ಲ ಗಾಜಿನ ಬಾಟಲಿಗಳನ್ನು ತಂದು ರಸ್ತೆ ಬದಿಗೆ ಇಡುತ್ತಾರೆ. ಒಡೆದವಲ್ಲ, ಬಿರುಕು ಬಿಟ್ಟವೂ ಅಲ್ಲ. ದಪ್ಪ ತಳದ, ಕಂದು ಬಣ್ಣದ, ಚಂದದ ಬಾಟಲಿಗಳು. ನೀಲಿ ಡಬ್ಬದ ತುಂಬ ತುಂಬಿಟ್ಟು ಆಫೀಸಿಗೆ ಹೋಗಿಬಿಡುತ್ತಾರೆ. ಹತ್ತು ಗಂಟೆಗೆ ಲಾರಿ ಬಂದು, ಕಬ್ಬಿಣದ ಕೈ ಚಾಚಿ, ಅಷ್ಟನ್ನೂ ಬೋರಲು ಸುರಿದುಕೊಳ್ಳುತ್ತದೆ. ಸ್ಯಾನ್ ಡಿಯೇಗೋಗೆ ಬಂದ ಮೊದಲ ವಾರ ಆ ಸದ್ದಿಗೆ ಬೆಚ್ಚಿ ಬರಿಗಾಲಲ್ಲಿ ಹೊರಗೆ ಓಡಿದ್ದೆ. ಹಿರಿಯೂರಿನಲ್ಲಿ ನಮ್ಮಮ್ಮ ಕೆಮ್ಮಿನ ಔಷಧಿ ಸೀಸೆಯನ್ನೂ ತೊಳೆದು, ಬಿಸಿಲಿಗಿಟ್ಟು, ಹರಳೆಣ್ಣೆ ತುಂಬಿಡುವವಳು. ಅವಳು ಇದನ್ನು ನೋಡಿದ್ದರೆ ಲಾರಿಗೆ ಅಡ್ಡ ನಿಲ್ಲುತ್ತಿದ್ದಳು.

ನಾನಂತೂ ಮುಂದಿನ ಮಂಗಳವಾರದಿಂದ ಲಾರಿಗಿಂತ ಮೊದಲೇ ಎದ್ದೆ. ಅಕ್ಕಪಕ್ಕದವರನ್ನು ಕೇಳಿ ಬಾಟಲಿ ಆರಿಸಿಕೊಳ್ಳತೊಡಗಿದೆ. ಯಾಕೆಂದರೆ ನಾನು ಬಿಯರ್ ಮಾಡುತ್ತೇನೆ.

ಗಾಬರಿಯಾಗಬೇಡಿ. ಇಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ನಮ್ಮಲ್ಲಿ ಮನೆಮನೆಯ ಉಪ್ಪಿನಕಾಯಿಗೆ ಬೇರೆ ಬೇರೆ ರುಚಿ ಇದ್ದಂತೆ ಇಲ್ಲಿ ಕೆಲವರ ಗ್ಯಾರೇಜಿಗೊಂದು ಬಿಯರ್ ಇರುತ್ತದೆ. ನಾನು ಕಲಿತದ್ದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ. ಅಲ್ಲಿ ಸಣ್ಣದೊಂದು ವರ್ಕ್‌ಶಾಪಿನಲ್ಲಿ ನನ್ನ ಮೊದಲ ಕೆಲಸ. ಲೇತ್ ಮೆಷಿನ್ ನಡೆಸುತ್ತಿದ್ದ ರೂಬೆನ್ ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದ:

"ನಿನ್ನ ಹತ್ತಿರ ಬಕೆಟ್ ಇದೆಯಾ? ತಾಳ್ಮೆ ಇದೆಯಾ?"

"ಬಕೆಟ್ ಇಲ್ಲ."

"ಪರವಾಗಿಲ್ಲ, ಅದು ಅಂಗಡಿಯಲ್ಲಿ ಸಿಗುತ್ತೆ."

ತಾಳ್ಮೆಯ ಮಾತನ್ನು ನಾನು ಅಲ್ಲಿಗೇ ಮರೆತೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಪಾಕ, ಹಾಪ್ಸ್ ಅನ್ನುವ ಕಹಿ ಹೂವು, ಯೀಸ್ಟ್, ನೀರು ಇಷ್ಟೇ ಸಾಮಾನು. ಕುದಿಸಿ, ಆರಿಸಿ, ಬಕೆಟ್ಟಿನಲ್ಲಿ ಹುದುಗು ಬರಲು ಬಿಟ್ಟು, ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬುವುದು. ದುಬಾರಿಯಾಗುವುದು ಬಾಟಲಿ ಮತ್ತು ಅದನ್ನಿಡುವ ತಂಪಾದ ಜಾಗ. ಚಾಟ್ಸ್‌ವರ್ತ್‌ನ ಬೇಸಿಗೆಯಲ್ಲಿ ನನ್ನ ಮೊದಲ ಬಿಯರ್ ಸುಟ್ಟ ರಬ್ಬರಿನ ರುಚಿ ಹಿಡಿಯಿತು. ರೂಬೆನ್ ಒಂದು ಗುಟುಕು ಕುಡಿದು, ಲೋಟವನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟ.

ಆಮೇಲೆ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಬಡಾವಣೆಯಾದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಬಾಗಲಕೋಟೆಯ ಈರಣ್ಣ ಅಂಕಲ್, ಗಿರಿಜಾ ಆಂಟಿಯ ಮನೆಯಲ್ಲಿ ಒಂದು ರೂಮು ಬಾಡಿಗೆಗೆ ಸಿಕ್ಕಿತು. ಒಂದು ವರ್ಷ ಒಬ್ಬನೇ ಬ್ರೆಡ್ಡು ತಿಂದವನಿಗೆ ಮೊದಲ ದಿನವೇ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ಆಂಟಿ ಹೇಳಿದ್ದರು:

"ತಮ್ಮಾ, ಮನ್ಯಾಗ ತತ್ತಿ, ಮಾಂಸ, ಶೆರೆ ಮೂರೂ ನಡಿಯಂಗಿಲ್ಲ. ಉಳಿದದ್ದಕ್ಕೆಲ್ಲಾ ನಿನ್ನ ಮನಿ ಇದ್ದಂಗ."

ತತ್ತಿ ಅಂದರೆ ಮೊಟ್ಟೆ, ಶೆರೆ ಅಂದರೆ ಹೆಂಡ. ನಾನು ರೊಟ್ಟಿ ಮುರಿಯುತ್ತಾ ತಲೆಯಾಡಿಸಿದೆ. ಗ್ಯಾರೇಜು ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಇಬ್ಬರೂ ಒಂದು ವಾರ ನೆಂಟರ ಮನೆಗೆ ಹೋದಾಗ ಬಿಯರ್ ಕುದಿಸಿದೆ. ಬಾಟಲಿಗಳ ಕಾಗದವನ್ನು ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ ಕಿತ್ತೆ. ತಿರುಪಿನ ಮುಚ್ಚಳದವು ಬೇಡ, ಒತ್ತಿ ಕೂರಿಸುವ ತಗಡಿನ ಬಿರಡೆ ಅವಕ್ಕೆ ಸರಿಯಾಗಿ ಕೂರುವುದಿಲ್ಲ. ಹಸಿರು, ಬಿಳಿ ಗಾಜೂ ಬೇಡ, ಬೆಳಕು ತಾಗಿ ನಾರುತ್ತದೆ. ಡಿಶ್‌ವಾಷರನ್ನು ಆಂಟಿ ಪಾತ್ರೆ ಸೋರಹಾಕುವ ಕಪಾಟು ಮಾಡಿಕೊಂಡಿದ್ದರು, ಒಂದು ದಿನವೂ ಓಡಿಸಿರಲಿಲ್ಲ. ಸ್ಟೀಲ್ ಡಬ್ಬಿಗಳನ್ನು ಹೊರಗಿಟ್ಟು, ಸೋಪು ಹಾಕದೆ, ಬಿಸಿ ನೀರಿನಲ್ಲಿ ನಲವತ್ತೆಂಟೂ ಬಾಟಲಿಗಳನ್ನು ತೊಳೆಸಿ, ಡಬ್ಬಿಗಳನ್ನು ಹಾಗೆಯೇ ವಾಪಸ್ ಜೋಡಿಸಿದೆ. ಬಿರಡೆ ಒತ್ತುವ ಉಪಕರಣ ಒಬ್ಬರು ಮನೆ ಮುಂದೆ ಹಳೇ ಸಾಮಾನು ಮಾರುತ್ತಿದ್ದಾಗ ಅಗ್ಗಕ್ಕೆ ಸಿಕ್ಕಿತ್ತು. ನಾನೇ ರಾಜ ಅನ್ನಿಸಿತು.

ತಪ್ಪು ಮಾಡಿದ್ದು ಕೊನೆಯಲ್ಲಿ. ಬಾಟಲಿಯೊಳಗೆ ಗ್ಯಾಸ್ ಹುಟ್ಟಲು ತುಂಬುವಾಗ ಸ್ವಲ್ಪ ಸಿಹಿ ಹಾಕಬೇಕು. ಬಾಟಲಿಗೆ ಅರ್ಧ ಚಮಚ ಸಕ್ಕರೆ, ಮಟ್ಟಸವಾಗಿ ಎಂದಿದ್ದ ರೂಬೆನ್. ಅರ್ಧ ಚಮಚ! ನಮ್ಮೂರಲ್ಲಿ ಅಷ್ಟು ಸಕ್ಕರೆ ಹಾಕಿ ಚಹಾ ಕೊಟ್ಟರೆ ಬಂದವರು ಮತ್ತೆ ಹೊಸ್ತಿಲು ತುಳಿಯುವುದಿಲ್ಲ. ಸಕ್ಕರೆ ಮುಗಿದಿತ್ತು. ಬೆಲ್ಲ ಪುಡಿ ಮಾಡಿ ಚಹಾದ ಅಳತೆಯಲ್ಲೇ ಎರಡೆರಡು ಚಮಚ ಹಾಕಿದೆ. ಅಂಕಲ್, ಆಂಟಿ ಬರುವ ದಿನ ಹತ್ತಿರವಾಗಿದ್ದರಿಂದ ಗುಳ್ಳೆ ಪೂರ್ತಿ ನಿಲ್ಲುವವರೆಗೂ ಕಾಯಲಿಲ್ಲ. ಎರಡು ಕ್ರೇಟು ತುಂಬಿಸಿ, ಗ್ಯಾರೇಜಿನಲ್ಲಿ ಹಳೇ ಸೂಟ್‌ಕೇಸುಗಳ ಹಿಂದೆ ಅಡಗಿಸಿದೆ.

ಎರಡು ವಾರದ ನಂತರ ಮರುಭೂಮಿ ಕಡೆಯಿಂದ ಬಿಸಿಗಾಳಿ ಬೀಸಿತು. ಶನಿವಾರ ಬೆಳಗ್ಗೆ ಆಂಟಿ ಗ್ಯಾರೇಜಿನೊಳಗೆ ಮೆಟ್ಟಿಲ ಮುಂದೆ ರಂಗೋಲಿ ಹಾಕುತ್ತಿದ್ದರು. ಇಲ್ಲಿ ಎಲ್ಲರೂ ಕಾರಿಳಿದು ಗ್ಯಾರೇಜಿನಿಂದಲೇ ಮನೆಯೊಳಗೆ ಹೋಗುತ್ತಾರೆ, ಮುಂಬಾಗಿಲು ತೆಗೆಯುವುದೇ ಅಪರೂಪ. ಹಾಗಾಗಿ ಅರಿಶಿನ, ಕುಂಕುಮ, ರಂಗೋಲಿ ಎಲ್ಲ ಆ ಹೊಸ್ತಿಲಿಗೇ.

ಢಬ್ ಎಂದಿತು. ನಾನು ಅಡುಗೆಮನೆಯಿಂದ ಓಡಿಬಂದೆ. ಸೂಟ್‌ಕೇಸಿನ ಕೆಳಗಿನಿಂದ ಕಂದು ನೊರೆ ಹರಿದು ಬಂದು ರಂಗೋಲಿಯ ಒಂದು ಎಳೆಯನ್ನು ತೊಳೆದುಕೊಂಡು ಹೋಯಿತು. ಇನ್ನೊಂದು ಢಬ್. ನಾನು ಮುನ್ನುಗ್ಗಿದೆ. ಆಂಟಿ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು.

"ಕಣ್ಣಿಗಿ ಗಾಜು ಬಡಿಸ್ಕೋತೀ ಏನು? ಹಿಂದಕ ಸರಿ!"

ಮೂಗರಳಿಸಿದರು. ಆ ವಾಸನೆ ಅವರಿಗೆ ದೋಸೆಹಿಟ್ಟಿನಿಂದ ಗೊತ್ತಿತ್ತು.

"ಉಬ್ಬೂದು ಮುಗಿಯೂಕ್ಕಿಂತ ಮದ್ಲ ಮುಚ್ಚಳ ಬಿಗಿದೀ. ಹೌದಿಲ್ಲೋ?"

"ಹೌದು ಆಂಟಿ."

"ಹಿಟ್ಟು ಹುಳಿ ಏರಾಕ ಹತ್ತಿದ್ರ ಏನ್ ಮಾಡ್ತೀವಿ? ತಂಪಿಗೆ ಇಡ್ತೀವಿ. ನಿಂತೇನ್ ನೋಡ್ತೀ, ನೀರಿನ ಪೈಪು ತಾ!"

ಒಳಗೆ ಹೋಗಿ ತವರಿಂದ ತಂದ ಕೌದಿ ತಂದರು. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಹೊದಿಕೆ. ದೂರದಿಂದಲೇ ಕ್ರೇಟುಗಳ ಮೇಲೆ ಬೀಸಿ ಎಸೆದರು. ಮೂರನೆಯ ಬಾಟಲಿ ಅದರ ಕೆಳಗೆ ಸಿಡಿಯಿತು, ಚೂರು ಹೊರಗೆ ಬರಲಿಲ್ಲ. ನಾನು ಸಂಜೆತನಕ ನೀರು ಬಿಟ್ಟೆ. ಬಾಟಲಿಗಳು ತಣ್ಣಗಾದ ಮೇಲೆ ದಪ್ಪ ಗ್ಲೌಸು, ಅಂಕಲ್ ಅವರ ಕನ್ನಡಕ ಹಾಕಿಕೊಂಡು, ಕೌದಿಯೊಳಗೆ ಕೈಯಿಟ್ಟು, ಒಂದೊಂದೇ ಬಿರಡೆ ಸಡಿಲಿಸಿ ಗ್ಯಾಸ್ ಬಿಟ್ಟು, ಹೊಸ ಬಿರಡೆ ಒತ್ತಿದೆ. ಉಳಿದದ್ದು ನಲವತ್ತೈದು.

ವಿಚಾರಣೆ ಅಲ್ಲೇ ನಡೆಯಿತು. ಮೊದಲ ಸರದಿ ಅಂಕಲ್ ಅವರದು.

"ನಿಮಗ ಗೊತ್ತಿತ್ತೇನ್ರೀ?" ಎಂದು ಆಂಟಿ ಕೇಳಿದರು.

"ವಾಸನಿ ಬಂದಿತ್ತು. ಗೊತ್ತಿರಲಿಲ್ಲ," ಎಂದರು ಅಂಕಲ್. "ಅಲ್ಲದ ಗ್ಯಾರೇಜ್ ಅಂದ್ರ ಮನಿ ಅಲ್ಲಲ್ಲ, ಕಾರ್ ಇಡೂ ಜಾಗಾ..."

"ಹಂಗಾರ ನಾ ದಿನಾ ರಂಗೋಲಿ ಹಾಕೂದು ಕಾರಿಗೇನು?"

ಅಂಕಲ್ ಕಾರಿನ ಗಾಜು ಒರೆಸತೊಡಗಿದರು. ಆಂಟಿ ನನ್ನ ಕಡೆ ತಿರುಗಿದರು.

"ನಾನು ಸುಳ್ಳು ಹೇಳ್ಲಿಲ್ಲ ಆಂಟಿ. ಹೇಳ್ಲಿಲ್ಲ, ಅಷ್ಟೆ."

"ಇವರೂ ಹಂಗ ಅಂತಾರ, ಇಪ್ಪತ್ತು ವರ್ಷದಿಂದ."

"ತಪ್ಪಾಯ್ತು. ಎಲ್ಲ ಚೆಲ್ಲಿಬಿಡ್ತೀನಿ. ರೂಮ್ ಖಾಲಿ ಮಾಡು ಅಂದ್ರೆ ಮಾಡ್ತೀನಿ."

ಹೇಳುವುದು ಹೇಳಿದೆ, ಆದರೆ ಹೋಗುವ ಮನಸ್ಸಿರಲಿಲ್ಲ. ಈ ಊರಿನಲ್ಲಿ ನಾನು ಸಂಜೆ ಬರುವುದು ತಡವಾದರೆ ಗಡಿಯಾರ ನೋಡುವವರು ಆಂಟಿ ಒಬ್ಬರೇ. ಇನ್ನೊಂದು ರೂಮು ಸಿಕ್ಕೀತು. ಹಾಗೆ ಕಾಯುವವರು ಸಿಗುವುದಿಲ್ಲ.

ಆಂಟಿ ಕ್ರೇಟಿನ ಕಡೆ ನೋಡಿದರು.

"ಚೆಲ್ಲಬ್ಯಾಡ. ಮಾಡಿದ್ದನ್ನ ಚೆಲ್ಲೂದು ನನಗ ಆಗಂಗಿಲ್ಲ. ಶೆರೆ ಮನ್ಯಾಗ ಇರೂದೂ ಆಗಂಗಿಲ್ಲ. ಕೇಳ್ ಇಲ್ಲೆ. ಬಾಟ್ಲಿ ಹೊಸ್ತಲದಾಚೆ, ನೀ ಒಳಗ. ಅವು ಒಳಗ ಬಂದ್ರ ನೀ ಹೊರಗ."

ಗ್ಯಾರೇಜೂ ಈಗ ಮನೆಯ ಲೆಕ್ಕಕ್ಕೆ ಬಂದಿತ್ತು, ಹಾಗಾಗಿ ಅಂದೇ ಕ್ರೇಟುಗಳನ್ನು ಮನೆಯ ಉತ್ತರದ ಗೋಡೆ ಬದಿಗೆ, ಬಿಸಿಲು ಬೀಳದ ಸಂದಿಗೆ ಸಾಗಿಸಿದೆ. ಅಗಲದ ಟಬ್ಬಿನಲ್ಲಿ ಬೆರಳಷ್ಟು ನೀರು, ಅದರಲ್ಲಿ ಬಾಟಲಿಗಳು, ಮೇಲೆ ನೀರಿಗೆ ಅಂಚು ಇಳಿಬಿಟ್ಟ ಒದ್ದೆ ಕೌದಿ. ಬಾಗಲಕೋಟೆಯಲ್ಲಿ ಬೇಸಿಗೆಗೆ ಗಡಿಗೆ ತಂಪಾಗಿಡುವ ರೀತಿ. ಕ್ಯಾಲಿಫೋರ್ನಿಯಾದ ಒಣಗಾಳಿಗೆ ಅದು ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಬೀದಿಯಲ್ಲಿ ಇಷ್ಟು ಅಗ್ಗದ ಫ್ರಿಜ್ ಇನ್ನೊಂದಿರಲಿಲ್ಲ. ತಿಂಗಳ ನಂತರ ರೂಬೆನ್ ಬಂದ. ಗೋಡೆ ಬದಿಗೇ ನಿಂತು ಕುಡಿದು, ಈ ಸಲ ಲೋಟವನ್ನು ಮತ್ತೆ ಮುಂದೆ ಚಾಚಿದ. "ಇದರಲ್ಲಿ ಏನು ಹಾಕಿದ್ದೀಯಾ?" ಬೆಲ್ಲ ಅಂದರೇನೆಂದು ತಿಳಿಸಲು ಅರ್ಧ ಗಂಟೆ ಬೇಕಾಯಿತು. ಆಂಟಿ ಒಂದು ತೊಟ್ಟೂ ಮುಟ್ಟಲಿಲ್ಲ. ಆದರೆ ನಾನು ಕೆಲಸಕ್ಕೆ ಹೋದ ದಿನಗಳಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕಿದ ಮೇಲೆ ಪೈಪನ್ನು ಕೌದಿಯ ಕಡೆಗೂ ಒಮ್ಮೆ ತಿರುಗಿಸುತ್ತಿದ್ದರು.

ಈಗ ನನ್ನದೇ ಅಪಾರ್ಟ್‌ಮೆಂಟ್ ಇದೆ. ಬೇಡ ಅನ್ನುವವರು ಯಾರೂ ಇಲ್ಲ. ಆದರೂ ಬಾಟಲಿಗಳನ್ನು ಬಾಲ್ಕನಿಯಲ್ಲೇ ಇಡುತ್ತೇನೆ, ಹೊಸ್ತಿಲ ಆಚೆ. ಅವರ ಮನೆ ಬಿಟ್ಟು ಬರುವಾಗ ಆಂಟಿ ಆ ಕೌದಿಯನ್ನು ನನಗೇ ಕೊಟ್ಟರು: "ಅದಕ್ಕ ಆ ವಾಸನಿ ಹಿಡದೈತಿ, ನೀನ ಒಯ್ಯಿ." ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಸೀಸೆ ತೊಳೆಯುತ್ತೇನೆ. "ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ಯೋ?" ಅನ್ನುತ್ತಾಳೆ. ಅವಳ ಹತ್ತಿರವೂ ನಾನು ಸುಳ್ಳು ಹೇಳಿಲ್ಲ. ಹೇಳಲಿಲ್ಲ, ಅಷ್ಟೆ.

ಇದನ್ನು ಅಮ್ಮ ಓದುತ್ತಾಳೆ. ಮುಂದಿನ ಸಲ ಹಿರಿಯೂರಿನ ಬಾಗಿಲಲ್ಲಿ ನನ್ನನ್ನು ಹೊಸ್ತಿಲ ಯಾವ ಕಡೆ ನಿಲ್ಲಿಸುತ್ತಾಳೋ ಗೊತ್ತಿಲ್ಲ. ಹೊರಗೇ ಅಂದರೆ, ಹೊದೆಯಲು ಕೌದಿಯಂತೂ ಇದೆ.