ಎರಡು ಬಸ್ಸಿನ ಜಾಗ

ಮುನಿಯಲ್ಲಪ್ಪ ಮುಂದಿನ ಗಾಡಿಗೆ ಅಂಟಿಕೊಂಡು ಯಾವತ್ತೂ ಬಸ್ಸು ಓಡಿಸಿದವನಲ್ಲ. ಕೋಗಿಲಿನಿಂದ ಗೊರಗುಂಟೆಪಾಳ್ಯದ ಒಂದು ಗಾರ್ಮೆಂಟ್ಸಿಗೆ ದಿನಾ ಬೆಳಿಗ್ಗೆ ನಲವತ್ತು ಹೆಂಗಸರನ್ನು ಸಾಗಿಸುವ ಬಸ್ಸು ಅದು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಒಂದರ ಬೆನ್ನಿಗೊಂದು ಮೂತಿ ಒತ್ತಿ ನಿಂತಿದ್ದರೂ ಇವನ ಮುಂದೆ ಮಾತ್ರ ಎರಡು ಬಸ್ಸು ಹಿಡಿಸುವಷ್ಟು ಜಾಗ ಖಾಲಿ. ಅಲ್ಲಿಗೆ ಆಟೋ ನುಗ್ಗುತ್ತಿತ್ತು, ಟೆಂಪೊ ನುಗ್ಗುತ್ತಿತ್ತು. ಇವನು ಮತ್ತೆ ಅಷ್ಟೇ ಹಿಂದೆ ಉಳಿಯುತ್ತಿದ್ದ.

"ಏನ್ ಮಿಲ್ಟ್ರಿ ಅಣ್ಣಾ, ಮುಂದೆ ಸೈಟ್ ಮಾಡಿ ಮಾರ್ತೀಯಾ?" ಎಂದು ಹೊಲಿಗೆ ಲೈನಿನ ನಾರಾಯಣಮ್ಮ ಕೂಗಿದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಮೂರನೇ ಸೀಟಿನ ದ್ರೌಪದಮ್ಮ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

2011ರಲ್ಲಿ ಒಂದೇ ತಿಂಗಳಲ್ಲಿ ಆರು ಸಲ ತಡವಾಯಿತು. ತಡವಾದರೆ ಗೇಟು ಮುಚ್ಚುತ್ತಾರೆ, ಅರ್ಧ ದಿನದ ಹಾಜರಿ ಹೋಗುತ್ತದೆ. ಸೂಪರ್‌ವೈಸರ್ ನಂದಕುಮಾರ್ ಹೇಳಿಬಿಟ್ಟ: "ಇನ್ನೊಂದ್ ಸಲ ಲೇಟಾದ್ರೆ ಡ್ರೈವರ್ ಚೇಂಜ್." ಮುನಿಯಲ್ಲಪ್ಪನಿಗೆ ನಲವತ್ತೆಂಟು. ಸ್ಟೀರಿಂಗ್ ಬಿಟ್ಟರೆ ಬೇರೆ ಕೆಲಸ ಬಾರದು. ಉಳಿಯುವುದು ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಕೆಲಸ.

ಅವತ್ತು ಸಂಜೆ ಹೆಂಗಸರೆಲ್ಲ ಹತ್ತಿ ಕೂತ ಮೇಲೆ ನಾರಾಯಣಮ್ಮ ಎಂಜಿನ್ ಪಕ್ಕ ಬಂದು ನಿಂತಳು.

"ನೀನ್ ಕುಡಿಯಲ್ಲ, ಕೆಟ್ಟ ಕಣ್ಣಲ್ಲಿ ನೋಡಲ್ಲ, ಒಳ್ಳೇವ್ನು ಕಣಣ್ಣ. ಆದ್ರೆ ನಮ್ಗೆ ಹಾಜರಿ ಬೇಕು. ಯಾಕ್ ಇಂಗೆ ಜಾಗ ಬಿಡ್ತೀಯ, ಹೇಳ್ಬಿಡು. ಇಲ್ಲಾಂದ್ರೆ ನಾವೇ ಬೇರೆ ಡ್ರೈವರ್‌ನ ಕೇಳ್ತೀವಿ."

ಅವನು ಕನ್ನಡಿ ನೋಡಿದ. ಮೂರನೇ ಸೀಟು. ದ್ರೌಪದಮ್ಮನ ಗಂಡ ಮುನಿಆಂಜಿನಪ್ಪನೂ ಇವನೂ ಕೋಗಿಲಿನಿಂದ ಒಟ್ಟಿಗೆ ಟ್ಯಾಂಕ್ ದಳ ಸೇರಿದವರು, ಶಾಂತಿಪಡೆಯ ಜೊತೆ ಒಟ್ಟಿಗೆ ಶ್ರೀಲಂಕಾಕ್ಕೆ ಹೋದವರು. ಇಪ್ಪತ್ಮೂರು ವರ್ಷದ ಹಿಂದೆ ಗೆಳೆಯನ ಟ್ರಂಕು ತಂದಿಟ್ಟು, "ಗುಂಡು ಬಿತ್ತು, ಆ ಕ್ಷಣಕ್ಕೇ ಹೋದ" ಎಂದು ಆಕೆಗೆ ಹೇಳಿದವನು ಇವನೇ. ಈಗ ಜಾಗದ ವಿಷಯ ಬಾಯಿಬಿಟ್ಟರೆ ಆ ಮಾತು ಸುಳ್ಳಾಗುತ್ತದೆ. ಬಾಯಿಬಿಡದಿದ್ದರೆ ಬಸ್ಸು ಕೈತಪ್ಪುತ್ತದೆ.

ಮುಂದಿನ ಗಾಜು ನೋಡುತ್ತಲೇ ಹೇಳಿದ. ಟ್ಯಾಂಕಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ಹೇಳುವ ದನಿ.

"ಏಳು ಟ್ಯಾಂಕು ಸಾಲಾಗಿ ಹೋಗ್ತಿದ್ವಿ. ಎರಡೂ ಕಡೆ ತಾಳೆತೋಪು. ಮಧ್ಯೆ ಐವತ್ತು ಗಜ ಬಿಡ್ಬೇಕು ಅಂತ ಆರ್ಡರ್. ನಂಗೆ ಭಯ. ಮುಂದಿನ ಟ್ಯಾಂಕಲ್ಲಿ ಆಂಜಿನಣ್ಣ ಡ್ರೈವರ್. ಅವನ ಬೆನ್ನಿಗೇ ಅಂಟ್ಕೊಂಡು ಹೋದೆ. ನನ್ನ ಹಿಂದಿನೋನೂ ಅಂಟ್ಕೊಂಡ. ಆಂಜಿನಣ್ಣನ ಟ್ಯಾಂಕಿನ ಕೆಳಗೆ ನೆಲದಲ್ಲಿ ಹೂತಿಟ್ಟಿದ್ದ ಮೈನ್ ಸಿಡೀತು. ತೋಪಿಂದ ರಾಕೆಟ್ ಬರಕ್ ಶುರುವಾಯ್ತು. ಹಿಂದಕ್ ಹೋಗಕ್ಕೂ ಜಾಗ ಇಲ್ಲ, ತಿರುಗಿಸಕ್ಕೂ ಜಾಗ ಇಲ್ಲ. ತಳ್ಳಿ ದಾರಿ ಮಾಡು ಅಂತ ರೇಡಿಯೋದಲ್ಲಿ ಕೂಗಿದ್ರು. ಉರೀತಿದ್ದ ಟ್ಯಾಂಕನ್ನ ಹಳ್ಳಕ್ಕೆ ತಳ್ಳಿದೆ. ಆಮೇಲೆ ನಾವು ಪಾರಾದ್ವಿ. ಹನ್ನೊಂದು ಜನ ಹೋದ್ರು."

ದ್ರೌಪದಮ್ಮ ಕೂತಲ್ಲಿಂದಲೇ ಕೇಳಿದಳು.

"ಆಗ ಅವ್ರಿಗೆ ಜೀವ ಇತ್ತಾ?"

"ಗೊತ್ತಿಲ್ಲ ಅತ್ತಿಗೆ. ಟ್ಯಾಂಕಿನ ಮುಚ್ಚಳ ಒಳಗಿಂದ ಹಾಕಿತ್ತು."

"ನೀನ್ ನೋಡ್ಲಿಲ್ವಾ?"

"ಇಲ್ಲ."

ಹೇಳಿದ ಮೇಲೆ ಏನಾದರೂ ಆಗಬಹುದೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಏನೂ ಆಗಲಿಲ್ಲ. ಕೀ ತಿರುಗಿಸಿದ. ಸಿಗ್ನಲ್ಲಿನಲ್ಲಿ ಎಂದಿನಂತೆ ಜಾಗ ಬಿಟ್ಟ, ಆಟೋ ನುಗ್ಗಿತು, ಯಾರೂ ನಗಲಿಲ್ಲ.

ಕೋಗಿಲಿನಲ್ಲಿ ಇಳಿಯುವಾಗ ದ್ರೌಪದಮ್ಮ ಬಾಗಿಲ ಕಂಬಿ ಹಿಡಿದು ಒಳಗೆ ತಿರುಗಿದಳು. "ನಾಳೆಯಿಂದ ಕಾಲು ಗಂಟೆ ಮುಂಚೆ ಬಸ್ ಹೊರಡ್ಲಿ. ಎಲ್ರಿಗೂ ಹೇಳಿ."

"ಕಾಲು ಗಂಟೆನಾ? ನಮ್ ಬೀದೀಲಿ ನೀರ್ ಬರೋದೇ ಆರಕ್ಕೆ ಕಣಕ್ಕ!" ಎಂದಳು ನಾರಾಯಣಮ್ಮ.

"ಮುಖ ತೊಳೀದೆ ಬಾ. ನಿನ್ ಮುಖ ಯಾರ್ ನೋಡ್ತಾರೆ?"

ಮರುದಿನ ಕಾಲು ಗಂಟೆ ಮುಂಚೆಯೇ ಎಲ್ಲರೂ ಸ್ಟಾಪಿನಲ್ಲಿದ್ದರು. ದ್ರೌಪದಮ್ಮ ಎಲ್ಲರಿಗಿಂತ ಮೊದಲು ಹತ್ತಿದಳು. ಇವನ ಕಡೆ ನೋಡಲಿಲ್ಲ. ಮೂರನೇ ಸೀಟು ದಾಟಿ, ಕನ್ನಡಿಗೆ ಕಾಣದಷ್ಟು ಹಿಂದೆ ಹೋಗಿ ಕೂತಳು. ಮುನಿಯಲ್ಲಪ್ಪ ಗೇರ್ ಹಾಕಿದ.