ಎಂಆರ್‌ಐ ಕೋಣೆಯಲ್ಲಿ ಬೀರಪ್ಪನ ಉಡದಾರ

ಬೀರಪ್ಪನ ನಡದಲ್ಲಿ ಬೆಳ್ಳಿಯ ಉಡದಾರ ಇತ್ತು. ಅದು ನನ್ನ ಕೈಗೆ ತಗುಲಿತ್ತು. ತಗುಲಿಯೂ ನಾನು ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ. ಆಮೇಲೆ ಅವನ ಕಡೆಯವರು ಮಷೀನನ್ನು ಬೈದರು, ಡಾಕ್ಟರನ್ನು ಬೈದರು, ಹಣೆಬರಹ ಅಂದರು. ನನ್ನನ್ನು ಯಾರೂ ಬೈಯಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಹೊಸಪೇಟೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಆಯಾ. ದಿನಾ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹಗರಿಬೊಮ್ಮನಹಳ್ಳಿಯಿಂದ ಹೋಗಿ ಸಂಜೆ ಮನೆ ಸೇರುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಎಂಆರ್‌ಐ ಕೋಣೆಯ ಬಾಗಿಲಲ್ಲಿ ಹನ್ನೆರಡು ವರ್ಷ ನಿಂತವಳಿಗೆ ಅಲ್ಲಿ ಕೇಳುವ ಪ್ರಶ್ನೆಗಳು ಬಾಯಿಪಾಠ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದ ಬಂದವರು ಡಾಕ್ಟರ ಮುಂದೆ ಬಿಡದ ಬಾಯನ್ನು ನನ್ನ ಮುಂದೆ ಬಿಡುತ್ತಿದ್ದರು. ಅದಕ್ಕೇ ಫಾರಂ ತುಂಬಿಸುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು.

ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತ. ಎಕ್ಸ್‌ರೇ ಅಲ್ಲ. ಮಷೀನು ಸುಮ್ಮನಿದ್ದಂತೆ ಕಂಡಾಗಲೂ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಮೂಳೆಗೆ ರಾಡು ಹಾಕಿಸಿದ್ದೀರಾ, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಚೂರು ಸಿಡಿದಿತ್ತೇ ಅಂತ ಕೇಳುತ್ತೇವೆ. ರಾಡು ಇದ್ದ ಮಾತ್ರಕ್ಕೆ ವಾಪಸ್ ಕಳಿಸುವುದಿಲ್ಲ, ಆದರೆ ಹೇಳಬೇಕು. ಪ್ರೋಸ್ಟೇಟ್ ಸ್ಕ್ಯಾನಿಗೆ ಇನ್ನೂ ಕೆಲವು ಪ್ರಶ್ನೆ ಇರುತ್ತವೆ. ಪ್ರೋಸ್ಟೇಟ್ ಅಂದರೆ ಗಂಡಸರ ಮೂತ್ರಚೀಲದ ಕೆಳಗಿನ ಸಣ್ಣ ಗ್ರಂಥಿ. ಸೂಜಿ ಹಾಕಿ ಅದರ ತುಣುಕು ತೆಗೆಸಿದ್ದರೆ, ಅಂದರೆ ಬಯಾಪ್ಸಿ ಆಗಿದ್ದರೆ, ಯಾವಾಗ ಅಂತ ಹೇಳಬೇಕು. ಒಳಗೆ ರಕ್ತ ಉಳಿದಿದ್ದರೆ ಚಿತ್ರ ಮೋಸ ಮಾಡುತ್ತದೆ. ಚಿತ್ರ ಸ್ಪಷ್ಟವಾಗಲೆಂದು ಬಣ್ಣದ ಇಂಜೆಕ್ಷನ್ ಕೊಡುವುದಿದ್ದರೆ ಕಿಡ್ನಿಯ ರಕ್ತಪರೀಕ್ಷೆ ಬೇಕು. ಹೊಟ್ಟೆ ಖಾಲಿ ಇರಬೇಕು, ಕಕ್ಕಸಿಗೆ ಹೋಗಿ ಬಂದಿರಬೇಕು. ಮುಕ್ಕಾಲು ಗಂಟೆ ಅಲುಗದೆ ಮಲಗಬೇಕು. ಸದ್ದು ಜೋರು, ಕಿವಿ ಮುಚ್ಚಿಕೊಳ್ಳಲು ಬಿರಡೆ ಕೊಡುತ್ತಾರೆ. ನೋವಂತೂ ಇಲ್ಲ.

ಬೀರಪ್ಪ ಇಟ್ಟಿಗಿ ಊರಿನವನು. ಎಪ್ಪತ್ತರ ಹತ್ತಿರದ ಕುರಿಗಾರ, ಎಲುಬು ಗಟ್ಟಿ ಇದ್ದ ಆಳು. ಪ್ರೋಸ್ಟೇಟ್ ರೋಗದ ಸುಳಿವು ಕೊಡುವ ಪಿಎಸ್‌ಎ ಅನ್ನುವ ಅಂಶ ರಕ್ತದಲ್ಲಿ ಜಾಸ್ತಿ ಬಂದಿದೆ ಎಂದು ಕೊಟ್ಟೂರಿನ ಡಾಕ್ಟರು ಎಂಆರ್‌ಐಗೆ ಬರೆದು ಕಳಿಸಿದ್ದರು. ಜೊತೆಯಲ್ಲಿ ಹೆಂಡತಿ ಹುಲಿಗೆವ್ವ. ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತೀ ಎಂದು ಕೇಳಿದರೆ ಅವನು ಗೋಡೆ ನೋಡಿದ.

“ಐದು ಸಲ ಏಳ್ತಾನ. ಕೇಳಿದ್ರ ಕುರಿ ಎಣಸಾಕ ಹೋಗಿದ್ದೆ ಅಂತಾನ. ಕುರಿ ಮಾರಿ ಎರಡು ವರ್ಷ ಆತು,” ಎಂದಳು ಹುಲಿಗೆವ್ವ. ಅವನೂ ನಕ್ಕ.

ಗಂಡಸರ ಮೈ ನೋಡಿ ಗೌನು ತೊಡಿಸಲು ಗಂಡು ಅಟೆಂಡರ್ ಒಬ್ಬ ಇದ್ದ. ಅವತ್ತು ಅವನು ರಜೆ. ಲೋಹ ಪತ್ತೆ ಮಾಡುವ ಕೈಯಂತ್ರ ಕೆಟ್ಟು ಮೂಲೆಯಲ್ಲಿ ಬಿದ್ದಿತ್ತು. ನಾನೇ ಗೌನು ಕೊಟ್ಟೆ. ಉಂಗುರ, ಕಿವಿಯ ಒಂಟಿ, ಕೈಯ ಕಡಗ ಎಲ್ಲಾ ಬೀರಪ್ಪ ತೆಗೆದುಕೊಟ್ಟ. ಮೈಮೇಲೆ ಇನ್ನೇನಾದರೂ ಲೋಹ ಐತೇನು ಎಂದೆ. ಇಲ್ಲ ಎಂದ. ಗೌನಿನ ಹಿಂದಿನ ಲಾಡಿ ಕಟ್ಟುವಾಗ ನಡದ ಮೇಲೆ ನನ್ನ ಬೆರಳಿಗೆ ಸರಪಣಿ ತಗುಲಿತು, ಅದರ ಜೊತೆ ತಾಯತದ ಗುಂಡಿ. ಅವನು ತಿರುಗಿ ನನ್ನನ್ನು ನೋಡಿದ.

ನಮ್ಮ ಕಡೆ ಗಂಡಸಿನ ಉಡದಾರ ಬದುಕಿರುವಾಗ ಹರಿಯುವುದಿಲ್ಲ. ಹೆಣದ ಮೇಲೆ ಹರಿಯುತ್ತಾರೆ. ನನ್ನ ಗಂಡನದನ್ನು ನಾನು ನೋಡುತ್ತಿರುವಾಗಲೇ ಹರಿದಿದ್ದರು. ಹುಲಿಗೆವ್ವ ಎರಡು ಮೊಳ ದೂರದಲ್ಲಿ ಕೂತಿದ್ದಳು. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಏನಾದೀತು ಅಂದುಕೊಂಡೆ. ಅರ್ಧ ತಿಳಿದವಳ ಲೆಕ್ಕ ಅದು. ಫಾರಂನಲ್ಲಿ ಲೋಹ ಇಲ್ಲ ಅನ್ನುವ ಕಡೆ ಗೀಟು ಎಳೆಸಿದೆ.

ಬೆಳ್ಳಿಯನ್ನು ಮಷೀನು ಎಳೆಯುವುದಿಲ್ಲ, ನಿಜ. ಆದರೆ ನಡ ಸುತ್ತಿದ ಸರಪಣಿ ಅದರೊಳಗೆ ಕಾದು ಬಿಸಿಯಾಗುತ್ತದೆ. ಮನೆದೇವರ ಪೂಜಾರಿ ಕಟ್ಟಿದ ತಾಯತದೊಳಗೆ ಕಬ್ಬಿಣದ ಚೂರೂ ಇತ್ತು. ಹತ್ತು ನಿಮಿಷಕ್ಕೆ ಬೀರಪ್ಪ ನಮ್ಮನ್ನು ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಗುಂಡು ಒತ್ತಿದ. ನಡ ಸುಡುತ್ತಿದೆ ಎಂದ. ಅಷ್ಟರಲ್ಲಿ ಟೆಕ್ನೀಷಿಯನ್ನೂ ಚಿತ್ರ ನೋಡಿದ್ದ; ಪ್ರೋಸ್ಟೇಟ್ ಕಾಣಬೇಕಾದ ಕಡೆ ಕರೀ ಮಸಿ ಚೆಲ್ಲಿದಂತೆ ಇತ್ತು. ಹೊರಗಿನ ಕೋಣೆಗೆ ತಂದು ಮಲಗಿಸಿ ಗೌನು ಸರಿಸಿದರೆ ನಡದ ಸುತ್ತ ಕೆಂಪು ಬರೆ.

ಆ ಟೆಕ್ನೀಷಿಯನ್ ಬೇರೆ ಸೀಮೆಯವನು. ಹೆದರಿದ್ದ, ಹೆದರಿಕೆ ಸಿಟ್ಟಾಗಿ ಬಂತು. ಕತ್ತರಿ ತರಲು ಹೇಳಿದ. ಹುಲಿಗೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೀರಪ್ಪ ಎದ್ದು ಕೂತು ಎರಡೂ ಕೈಯಲ್ಲಿ ನಡ ಹಿಡಿದುಕೊಂಡ.

“ನಾ ಇನ್ನಾ ಸತ್ತಿಲ್ರಿ. ಸತ್ತಮ್ಯಾಲ ಹರೀರಿ.”

ಗೌನು ಬಿಚ್ಚಿಟ್ಟು, ಧೋತರ ಉಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಇದನ್ನು ಯಾಕೆ ನೋಡಲಿಲ್ಲ ಎಂದು ಟೆಕ್ನೀಷಿಯನ್ ನನ್ನನ್ನು ಕೇಳಿದ. ಅವನು ಮುಚ್ಚಿಟ್ಟ, ನನಗೇನು ಗೊತ್ತು ಅಂದೆ.

ಹತ್ತು ತಿಂಗಳು ಕಳೆದ ಮೇಲೆ ಬೀರಪ್ಪ ಸ್ಟ್ರೆಚರ್ ಮೇಲೆ ಬಂದ. ಈ ಸಲ ಬೆನ್ನುಮೂಳೆಯ ಎಂಆರ್‌ಐ. ಎರಡೂ ಕಾಲು ಬಿದ್ದುಹೋಗಿದ್ದವು, ಮೂತ್ರಕ್ಕೆ ನಳಿಕೆ ಹಾಕಿದ್ದರು. ಅಷ್ಟು ದಿನ ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ, ಯಾರೋ ಕೊಟ್ಟ ಬೇರು ಅರೆದು ಕುಡಿದಿದ್ದ. ಪ್ರೋಸ್ಟೇಟಿನ ಕ್ಯಾನ್ಸರ್ ಮೂಳೆಗೆ ಇಳಿದು ಬೆನ್ನಿನ ನರ ಒತ್ತುತ್ತಿತ್ತು. ಗಂಡು ಅಟೆಂಡರ್ ಇದ್ದ, ಆದರೂ ನಾನೇ ಹೋದೆ. ಉಡದಾರ ಸಡಿಲವಾಗಿ ತೊಡೆಯ ಕಡೆ ಜಾರಿತ್ತು, ಆಳು ಅಷ್ಟು ಸೊರಗಿದ್ದ.

“ಹರೀಬೇ. ಕಾಲಾಗ ಜೀವ ಇಲ್ಲ, ನಡದಾಗ ಬೆಳ್ಳಿ ಇಟಗೊಂಡು ಏನು ಮಾಡ್ಲಿ,” ಎಂದ.

ಕೊಂಡಿ ಕಿಲುಬಿನಿಂದ ಕಚ್ಚಿಕೊಂಡಿತ್ತು. ಕತ್ತರಿಸಬೇಕಾಯಿತು. ಕತ್ತರಿಸಿದವಳು ನಾನು.

ಅವನು ಒಳಗಿರುವಾಗ ಹುಲಿಗೆವ್ವ ಆ ಉಡದಾರವನ್ನು ಸೆರಗಿನಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಅವಳ ಕೈಯಲ್ಲೂ ಕೊರಳಲ್ಲೂ ದೇವರ ದಾರ ಇದ್ದವು. ಒಳಗೆ ಹೋಗುವವರು ದಾರವನ್ನೂ ಬಿಚ್ಚಬೇಕೇನು ಅಂತ ಕೇಳಿದಳು. ಬೇಡ, ಜರಿ ಇಲ್ಲದ ಹತ್ತಿ ದಾರ ಆದರೆ ನಡೆಯುತ್ತದೆ, ಎಷ್ಟೋ ಜನ ಕಟ್ಟಿಕೊಂಡೇ ಹೋಗುತ್ತಾರೆ ಅಂದೆ.

“ಯಕ್ಕಾ, ನಾವು ದಾರಾನೂ ನಡಿಯಂಗಿಲ್ಲ ಅಂತ ತಿಳ್ಕಂಡಿದ್ವಿ. ಮದ್ಲು ಹೊಸ ಉಡದಾರ ಕಟ್ಟಿ ಆಮ್ಯಾಲ ಹಳೇದು ಬಿಚ್ತಾರ. ಅದು ನಿನಗ ಗೊತ್ತಿರ್ಲಿಲ್ಲೇನು?”

ಗೊತ್ತಿತ್ತು. ದಾರ ಸವೆದಾಗ ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ. ನಡ ಒಂದು ಗಳಿಗೆಯೂ ಬರಿದಾಗಬಾರದು, ಅಷ್ಟೇ. ಹತ್ತಿ ದಾರ ಕಟ್ಟಿ ಬೆಳ್ಳಿ ಬಿಚ್ಚಬಹುದಿತ್ತು. ಗೊತ್ತಿತ್ತು ಅಂದೆ. ಆವತ್ತು ಸರಪಣಿ ಕೈಗೆ ಹತ್ತಿತ್ತು ಅನ್ನುವುದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಎದ್ದು ಎದುರಿನ ಬೆಂಚಿಗೆ ಹೋಗಿ ಕೂತಳು.

ಮೊದಲ ಸಲವೇ ಸ್ಕ್ಯಾನ್ ಆಗಿದ್ದರೆ ವಾಸಿಯಾಗುತ್ತಿದ್ದನೇ ಎಂದು ನಮ್ಮ ಡಾಕ್ಟರನ್ನು ಕೇಳಿದೆ. ಅದನ್ನು ಯಾರೂ ಹೇಳಲಾರರು ಅಂದರು. ಎಂಆರ್‌ಐ ಒಂದರಿಂದಲೇ ಕ್ಯಾನ್ಸರ್ ಅಂತ ಬರೆದುಕೊಡುವುದಿಲ್ಲ, ಬಯಾಪ್ಸಿಯ ಸೂಜಿಯನ್ನು ಎಲ್ಲಿ ಹಾಕಬೇಕು ಅಂತ ಅದು ತೋರಿಸುತ್ತದೆ. ಆಗಲೇ ಹಾಕಿದ್ದರೆ ಔಷಧಿ ಶುರುವಾಗುತ್ತಿತ್ತು, ಕಾಲು ಉಳಿಯುವ ಸಾಧ್ಯತೆ ಬಹಳ ಇತ್ತು ಅಂದರು. ಬೀರಪ್ಪ ಮುಂದಿನ ಅಮಾವಾಸ್ಯೆಗೆ ಮೊದಲೇ ತೀರಿಕೊಂಡ.

ಮುಚ್ಚಿಡುವವರು ಮುಚ್ಚಿಡುತ್ತಾರೆ. ಮಾನ, ದೇವರು, ಹೆಂಡತಿಯ ಮುಖ, ಕಾರಣ ನೂರಿರುತ್ತವೆ. ಪೇಷಂಟಿಗೆ ನಾನು ಹೇಳುವುದು, ಬಿಚ್ಚಲಾಗದ್ದು ಏನಾದರೂ ಇದ್ದರೆ ಇದೆ ಅನ್ನು. ದಾರಿ ಹುಡುಕುವುದು ನಮ್ಮ ಕೆಲಸ. ಬಾಗಿಲಲ್ಲಿ ನಿಂತವರಿಗೆ ಹೇಳುವುದು, ಕೈಗೆ ಹತ್ತಿದ್ದನ್ನು ಬಾಯಿಗೆ ತನ್ನಿ. ಮರ್ಯಾದೆ ಉಳಿಸಿದೆ ಅಂದುಕೊಂಡು ನಾನು ಆಳನ್ನು ಕಳೆದೆ.

ಹುಲಿಗೆವ್ವ ಎದ್ದುಹೋದ ಮರುದಿನ ಬೆಳಿಗ್ಗೆ ಬಸ್ ಹತ್ತುವ ಮೊದಲು ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕರೀ ಹತ್ತಿ ದಾರದ ಉಂಡೆ ಕೊಂಡೆ. ಮೊದಲ ಪೇಷಂಟು ನೀಲಗುಂದದವನು, ಅದೇ ಪ್ರೋಸ್ಟೇಟ್ ಸ್ಕ್ಯಾನು. ಮೈಮೇಲೆ ಏನೂ ಇಲ್ಲ ಅಂದ. ಅಂಗಿ ಎತ್ತು ಅಂದೆ. ಹೆಂಗಸಾಗಿ ಹಿಂಗ ಕೇಳ್ತೀಯಲ್ಲ ಅಂದ. ಮೊಮ್ಮಕ್ಕಳನ್ನು ಕಂಡ ಮುದುಕಿ ನಾನು, ಎತ್ತು ಅಂದೆ. ಇತ್ತು. ಅವನ ಹೆಂಡತಿಯನ್ನು ಒಳಗೆ ಕರೆದು, ಅವಳ ಕೈಯಿಂದಲೇ ಅವನ ನಡಕ್ಕೆ ಕರೀ ದಾರ ಕಟ್ಟಿಸಿದೆ. ಗಂಟು ಬಿಗಿಯಾಯಿತು ಅಂತ ನೋಡಿಕೊಂಡು, ಬೆಳ್ಳಿಯ ಉಡದಾರದ ಕೊಂಡಿಗೆ ಕೈ ಹಾಕಿದೆ.